ತೋಟಾ ತುಂಬಿದರೆ ಎಷ್ಟು ಉಳಿದೀತು?

ರೈಫಲ್ ತೋಟಾದಲ್ಲಿ ಇರುವುದು ನಾಲ್ಕೇ ಸಾಮಾನು. ಹಿತ್ತಾಳೆಯ ಕೊಳವೆ, ಅದರ ಬುಡಕ್ಕೆ ಕೇಪು, ಹೊಟ್ಟೆಯಲ್ಲಿ ಮದ್ದು, ಬಾಯಿಗೆ ಗುಂಡು. ಈಡು ಹೊಡೆದ ಮೇಲೆ ಮದ್ದು ಉರಿದುಹೋಯಿತು, ಗುಂಡು ಹಾರಿಹೋಯಿತು, ಕೇಪು ಸತ್ತಿತು. ಹಿತ್ತಾಳೆ ಮಾತ್ರ ಕಾಲಬಳಿ ಬಿದ್ದಿರುತ್ತದೆ, ಸಾಮಾನ್ಯವಾಗಿ ನಾಲ್ಕರಲ್ಲಿ ಹೆಚ್ಚು ಬೆಲೆಯದ್ದೂ ಅದೇ. ಅಮೆರಿಕದವರು ಅದನ್ನು ಆರಿಸಿ ತಂದು, ಮನೆಯ ಮೇಜಿಗೆ ಬಿಗಿದ ಒತ್ತುಯಂತ್ರದಲ್ಲಿ ಅಳತೆಗೆ ತಂದು, ಮಿಕ್ಕ ಮೂರನ್ನು ಅಂಗಡಿಯಿಂದ ಕೊಂಡು ಮತ್ತೆ ತುಂಬುತ್ತಾರೆ. ಅಲ್ಲಿ ಅದು ದೊಡ್ಡ ಹವ್ಯಾಸ. ಆರ್‌ಸಿಬಿಎಸ್, ಲೀ ಅಂತಹ ಕಂಪನಿಗಳು ದಶಕಗಳಿಂದ ಇದರ ಸಲಕರಣೆಯನ್ನೇ ಮಾರಿಕೊಂಡು ಬಂದಿವೆ.

ಹರಿಹರದ ನಮ್ಮ ಭಾವನವರಿಗೆ ಹೀಗೆ ತೋಟಾ ತುಂಬುವ ವಿಡಿಯೋಗಳ ಹುಚ್ಚು ಹಿಡಿಯಿತು. ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಮುಂದೆ ವಯಸ್ಸು ಕಳೆದವರು, ಮೈಕ್ರೋಮೀಟರ್ ಈಗಲೂ ಟೇಬಲ್ ಡ್ರಾಯರಿನಲ್ಲಿದೆ. ಅವರಪ್ಪನಿಂದ ಬಂದ .315 ರೈಫಲ್ ಒಂದಿದೆ, ಚನ್ನಗಿರಿ ಕಡೆಯ ಅಡಿಕೆ ತೋಟದ ಬೆಳೆ ರಕ್ಷಣೆಗೆಂದು ಪಡೆದ ಲೈಸೆನ್ಸು. "ಅಲ್ಲಪ್ಪಾ, ಬ್ಯಾಂಕಿನಾಗೆ ಇದ್ದೋನು ನೀನು. ಲೆಕ್ಕ ಹಾಕಿ ಹೇಳು, ನಾವೇ ತುಂಬಿಕೊಂಡ್ರೆ ಎಷ್ಟು ಉಳಿತೈತಿ?" ಅಂದರು. ದಾವಣಗೆರೆಗೆ ವಾಪಸು ಬರುವ ಬಸ್ಸಿನಲ್ಲೇ ಲೆಕ್ಕ ಮುಗಿಯಿತು.

ದರಗಳನ್ನು ಊಹೆಗೆಂದು ಇಟ್ಟುಕೊಳ್ಳಿ. ಒತ್ತುಯಂತ್ರ, ಅಚ್ಚು, ತೂಕದ ಯಂತ್ರ, ತರಿಸಿದ ಸುಂಕ ಎಲ್ಲ ಸೇರಿ 60,000 ರೂಪಾಯಿ. ಒಂದು ತೋಟಾಕ್ಕೆ 60 ರೂಪಾಯಿ ಉಳಿಯುತ್ತದೆ ಅನ್ನೋಣ, ಧಾರಾಳವಾಗಿಯೇ. ಹಾಕಿದ್ದು ಹುಟ್ಟಬೇಕಾದರೆ ಸಾವಿರ ತೋಟಾ ಹೊಡೆಯಬೇಕು. ಭಾವನವರ ಲೈಸೆನ್ಸ್ ಪುಸ್ತಕದಲ್ಲಿ ಒಮ್ಮೆಗೆ 25, ವರ್ಷಕ್ಕೆ 50 ಎಂದಿದೆ. ಅಂದರೆ ಇಪ್ಪತ್ತು ವರ್ಷ. ಅದಕ್ಕಿಂತ ತಮಾಷೆಯೆಂದರೆ, ಅದೇ 60,000ವನ್ನು ಏಳು ಪರ್ಸೆಂಟಿನ ಎಫ್‌ಡಿಯಲ್ಲಿಟ್ಟರೆ ವರ್ಷಕ್ಕೆ 4,200 ಬಡ್ಡಿ. ತೋಟಾ ತುಂಬಿ ಉಳಿಯುವುದು ವರ್ಷಕ್ಕೆ 3,000. ಬಡ್ಡಿಯೇ ಉಳಿತಾಯವನ್ನು ದಾಟಿಹೋಗುವಾಗ ಅಸಲು ಯಾವತ್ತು ಹುಟ್ಟಬೇಕು? ಮನೆಯಲ್ಲೇ ಹಿಟ್ಟು ಬೀಸಲು ಗಿರಣಿ ತಂದವರು, ಕಾರು ತೊಳೆಯಲು ಪಂಪು ತಂದವರು ಯಾರೂ ಈ ಎರಡನೇ ಸಾಲು ಬರೆಯುವುದಿಲ್ಲ. ಮೊದಲ ಸಾಲಿನಲ್ಲೇ ಖುಷಿಯಾಗಿ ಅಂಗಡಿಗೆ ಹೊರಡುತ್ತಾರೆ.

ಇಷ್ಟೂ ಕಾನೂನು ಬಿಟ್ಟು ಹಾಕಿದ ಲೆಕ್ಕ. ಕಾನೂನು ಸೇರಿಸಿದರೆ ಲೆಕ್ಕವೇ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕು ಇಟ್ಟುಕೊಳ್ಳುವ ಲೈಸೆನ್ಸೇ ಬೇರೆ, ಮದ್ದುಗುಂಡು ತಯಾರಿಸುವ ಲೈಸೆನ್ಸೇ ಬೇರೆ. ಎರಡನೆಯದು ಐದನೇ ಸೆಕ್ಷನ್ನು. ಅದಿಲ್ಲದೆ ತಯಾರಿಸಿದರೆ, 2019ರ ತಿದ್ದುಪಡಿಯ ಪ್ರಕಾರ ಕನಿಷ್ಠ ಏಳು ವರ್ಷ, ಜೀವಾವಧಿಯವರೆಗೂ ಹೋಗಬಹುದು. ಮದ್ದಿನ ಮೇಲೆ ಸ್ಫೋಟಕ ಕಾಯ್ದೆಯ ಕಣ್ಣೂ ಇದೆ. "ಕೊಡಗಿನೋರಿಗೆ ಲೈಸೆನ್ಸೇ ಬ್ಯಾಡಂತಲ್ಲ?" ಎಂದು ಭಾವ ಕೇಳಿದರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇರುವುದು ನಿಜ, 2029ರ ಅಕ್ಟೋಬರ್‌ವರೆಗೆ ವಿಸ್ತರಣೆಯೂ ಆಗಿದೆ. ಆದರೆ ಅದು ಮೂರು, ನಾಲ್ಕನೇ ಸೆಕ್ಷನ್‌ಗಳಿಗೆ, ಅಂದರೆ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ತಯಾರಿಸುವುದಕ್ಕಲ್ಲ.

.315 ಎಂಬ ಅಳತೆಯ ಕತೆಯೇ ಸ್ವಾರಸ್ಯ. ಸೈನ್ಯದ .303 ತೋಟಾ ಜನರ ಬಂದೂಕಿಗೆ ಹೊಂದಬಾರದು ಎಂದು ಬ್ರಿಟಿಷರ ಕಾಲದಲ್ಲಿ ಈ ದೇಶದ ಸಾರ್ವಜನಿಕರಿಗೆ ಬೇರೆ ಅಳತೆ ಕೊಟ್ಟರು. ಆಮೇಲೆ ರೈಫಲ್ ಈಶಾಪುರದ ಕಾರ್ಖಾನೆಯಿಂದ, ತೋಟಾ ಪುಣೆಯ ಖಡ್ಕಿಯಿಂದ ಬರತೊಡಗಿದವು. 2021ರ ಅಕ್ಟೋಬರಿನಲ್ಲಿ ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡನ್ನು ಏಳು ಕಂಪನಿಗಳಾಗಿ ಒಡೆದ ಮೇಲೆ ಖಡ್ಕಿ ಈಗ ಮ್ಯೂನಿಷನ್ಸ್ ಇಂಡಿಯಾದ ಪಾಲು. ಹೀಗೆ ಬೇಕೆಂದೇ ಒಂಟಿಯಾಗಿಸಿದ ಅಳತೆಗೆ ಬಿಡಿ ಗುಂಡು, ಅಚ್ಚು ಹುಡುಕುವುದೂ ಸುಲಭವಲ್ಲ. ಮನೆಯಲ್ಲಿ ನಿಜವಾಗಿ ತುಂಬುತ್ತಿದ್ದದ್ದು ಹಳೇ ಕೇಪಿನ ಕೋವಿ. ಮದ್ದು ಸುರಿದು, ತೆಂಗಿನ ನಾರು ತುರುಕಿ, ಕಂಬಿಯಿಂದ ಜಡಿದು, ಚರೆ ಹಾಕಿ, ಕೊನೆಗೆ ಕೇಪು. ಅದರ ಪ್ರತಿ ಈಡೂ ಮರುತುಂಬಿದ್ದೇ.

ಈ ರೈಫಲ್ಲಿನ ಖರ್ಚು ತೋಟಾದಲ್ಲಿ ಇಲ್ಲವೇ ಇಲ್ಲ. ಲೈಸೆನ್ಸ್ ನವೀಕರಣ ಮೂರರ ಬದಲು ಐದು ವರ್ಷಕ್ಕೊಮ್ಮೆ ಆದದ್ದು ಒಂದು ಸಮಾಧಾನ. ಆದರೂ ಡಿಸಿ ಕಚೇರಿ, ಪೊಲೀಸ್ ಪರಿಶೀಲನೆ ತಪ್ಪದು. ಚುನಾವಣೆ ಬಂತೆಂದರೆ ಬಂದೂಕು ಠೇವಣಿ: 2023ರ ಮೇನಲ್ಲಿ ವಿಧಾನಸಭೆ, 2024ರ ಮೇನಲ್ಲಿ ಲೋಕಸಭೆ. ಭಾವನವರ ರೈಫಲ್ ಒಮ್ಮೆ ವಾಪಸು ಬಂದಾಗ ನಳಿಗೆಯಲ್ಲಿ ತುಕ್ಕು ಹಿಡಿದಿತ್ತು, ರಿಪೇರಿ ಅವರ ಕೈಯಿಂದಲೇ. ಇಷ್ಟಾಗಿ ಹಂದಿಯ ಮೇಲೆ ಹಾರಿಸಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ಹಾರಿಸಿದ್ದು ಯಾವಾಗ ಎಂದು ಕೇಳಿದರೆ ಅವರಿಗೆ ನೆನಪಿಲ್ಲ. ಮಾರಿಬಿಡಿ ಎಂದು ನನ್ನ ಸಲಹೆ. ನಾಳೆ ಅವರಿಲ್ಲವಾದರೆ ಮಕ್ಕಳು ತಕ್ಷಣ ಅದನ್ನು ಠಾಣೆಗೋ ಡೀಲರಿಗೋ ಒಪ್ಪಿಸಬೇಕು. ಬೆಂಗಳೂರಿನಲ್ಲಿರುವವರಿಗೆ ಅದು ಆಸ್ತಿಯಲ್ಲ, ರಜೆ ಹಾಕಿಸುವ ಕೆಲಸ. ಭಾವ ಕೇಳಲಿಲ್ಲ. "ಅಪ್ಪಂದು" ಅಂದರು, ಅಷ್ಟೆ. ಆ ಮಾತಿನ ಮುಂದೆ ಅಂಕಣಕಾರನ ಬುದ್ಧಿ ನಡೆಯುವುದಿಲ್ಲ.

ಆದರೆ ಅವರ ಹುಮ್ಮಸ್ಸು ಪೋಲಾಗಲಿಲ್ಲ. ಮೊಮ್ಮಗಳು ಎನ್‌ಸಿಸಿಯಲ್ಲಿ .22 ಹೊಡೆದು ಬಂದವಳು (ದುಡ್ಡಿಲ್ಲದೆ ರೈಫಲ್ ಹಿಡಿಯಲು ಈ ದೇಶದಲ್ಲಿ ಅದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ), ಹತ್ತು ಮೀಟರ್ ಏರ್ ರೈಫಲ್ ಬೇಕೆಂದಳು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಆಟ. ಬೋರು .177 ಇಂಚು, ಶಕ್ತಿ 20 ಜೌಲ್ ಮೀರದಿದ್ದರೆ 2016ರ ನಿಯಮಗಳಂತೆ ಲೈಸೆನ್ಸ್ ಬೇಕಿಲ್ಲ. ಇಲ್ಲಿ ಲೆಕ್ಕ ಉಲ್ಟಾ: ಗನ್ನಿಗೆ ಒಮ್ಮೆ ಕೊಟ್ಟರೆ ಮುಗಿಯಿತು, ಪೆಲೆಟ್ಟು ಮಾತ್ರ ತಿಂಗಳು ತಿಂಗಳು ತಿನ್ನುತ್ತದೆ. ಪಂದ್ಯಕ್ಕೆ 60 ಹೊಡೆತ, ಡಬ್ಬಿಯಲ್ಲಿ ಸಾಮಾನ್ಯವಾಗಿ 500. ದಿನಕ್ಕೆ ನೂರು ಹೊಡೆದರೆ ಐದೇ ದಿನಕ್ಕೆ ಡಬ್ಬಿ ಖಾಲಿ, ತಿಂಗಳಿಗೆ ಆರು.

ಉಳಿಸಬೇಕಾದ್ದು ಇಲ್ಲಿ. ಜರ್ಮನಿಯ ಮ್ಯಾಚ್ ಪೆಲೆಟ್ ಆರಂಭದ ವರ್ಷ ಬೇಡ. ಕಾಗದದ ಮೇಲೆ ತೂತುಗಳು ಒಂದೆಡೆ ಸೇರುವಷ್ಟು ಕೈ ಪಳಗುವ ತನಕ ಅಗ್ಗದ್ದಕ್ಕೂ ದುಬಾರಿಗೂ ವ್ಯತ್ಯಾಸ ಕಾಣುವುದೇ ಇಲ್ಲ. ಅರ್ಧ ಅಭ್ಯಾಸ ಖಾಲಿ ಗನ್ನಿನಲ್ಲೇ ಮಾಡಬಹುದು: ನಿಲುವು, ಉಸಿರು, ಟ್ರಿಗರು. ದೊಡ್ಡ ಶೂಟರ್‌ಗಳೂ ಅದನ್ನು ಬಿಡುವುದಿಲ್ಲ, ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಯಾವ ಪೆಲೆಟ್ ಗನ್ನಿಗೆ ಹೊಂದುತ್ತದೆಂದು ಗೊತ್ತಾದ ಮೇಲೆ ಒಂದೇ ಬ್ಯಾಚಿನ ಡಬ್ಬಿಗಳನ್ನು ನಾಲ್ಕು ಮಕ್ಕಳ ಮನೆಯವರು ಸೇರಿ ಒಟ್ಟಿಗೆ ತರಿಸಿ. ಕೊರಿಯರ್ ಖರ್ಚೂ ಹಂಚಿಹೋಗುತ್ತದೆ.

ಭಾವ ಹಿತ್ತಲಿನ ಗೋಡೆಗೆ ಕಬ್ಬಿಣದ ಪೆಟ್ಟಿಗೆಯೊಂದನ್ನು ಬೆಸೆದು ಕೂರಿಸಿದ್ದಾರೆ, ಒಳಗೆ ಓರೆ ತಗಡು. ಹೊಡೆದ ಪೆಲೆಟ್ಟೆಲ್ಲ ಅದರ ಬುಡಕ್ಕೆ ಬೀಳುತ್ತದೆ. ಒಂದೊಂದು ಅರ್ಧ ಗ್ರಾಂ ಚಿಲ್ಲರೆ, ನಾಲ್ಕು ಡಬ್ಬಿ ಮುಗಿದರೆ ಕಿಲೋದಷ್ಟು ಸೀಸ. ಅದನ್ನು ಮನೆಯಲ್ಲಿ ಕರಗಿಸಬೇಡಿ, ಹೊಗೆ ವಿಷ ಎಂದು ಹೇಳಿದ್ದೇನೆ. ಸೀದಾ ಗುಜರಿ ಅಂಗಡಿಗೆ ಹೋಗುತ್ತದೆ. ಬಂದ ದುಡ್ಡನ್ನು ಮೊಮ್ಮಗಳು ಪೆಲೆಟ್ ಖಾತೆಗೆ ಜಮಾ ಬರೆದುಕೊಳ್ಳುತ್ತಾಳೆ. ಅಜ್ಜ ಮೊಮ್ಮಗಳು ಇಬ್ಬರನ್ನೂ ಸೋಪು ಹಚ್ಚಿ ಕೈ ತೊಳೆಸದೆ ಅಕ್ಕ ಅಡುಗೆಮನೆಯ ಹೊಸಿಲು ದಾಟಲು ಬಿಡುವುದಿಲ್ಲ.