ಫಾರಂನಲ್ಲಿ ರಾಗಿ, ಧನಗೂರಿನಲ್ಲಿ ಕುರಿ: ಮಕ್ಕಳೊಡನೆ ಒಂದು ದಿನ

ಮಂಡ್ಯದ ಬಳಿಯ ಹೊಳಲು ಸುತ್ತಿನ ಊರುಗಳಲ್ಲಿ ‘ಫಾರಂ’ ಎಂದರೆ ಸಾಕು, ಯಾವ ಫಾರಂ ಎಂದು ವಿವರಿಸಬೇಕಿಲ್ಲ. ಕನ್ನಂಬಾಡಿಯ ನೀರು ಹುಲಿಕೆರೆ ಸುರಂಗ ದಾಟಿ ಮಂಡ್ಯದ ಒಣನೆಲಕ್ಕೆ ಬಂದ ಕಾಲದಲ್ಲಿ, 1931ರಲ್ಲಿ, ‘ಇರ್ವಿನ್ ನಾಲೆ ಫಾರಂ’ ಎಂಬ ಹೆಸರಿನಲ್ಲಿ ಶುರುವಾದದ್ದು ಅದು. ಮುಂದೆ ನಾಲೆಗೆ ವಿಶ್ವೇಶ್ವರಯ್ಯನವರ ಹೆಸರು ಬಂತು, ಫಾರಂ ವಿ.ಸಿ. ಫಾರಂ ಆಯಿತು. ಮಳೆ ನಂಬಿ ರಾಗಿ ಬೆಳೆಯುತ್ತಿದ್ದ ರೈತನಿಗೆ ನಾಲೆ ನೀರಿನಲ್ಲಿ ಭತ್ತ, ಕಬ್ಬು ಬೆಳೆಯುವುದು ಹೇಗೆಂದು ತೋರಿಸುವ ಹೊಲ ಬೇಕಿತ್ತು. ಅದನ್ನು ಕಟ್ಟಿದವರು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬರುವುದಕ್ಕೆ ದುಡಿದವರೂ ಅವರೇ.

ಹೊರಡುವ ಮೊದಲೇ ತಿಳಿದಿರಬೇಕಾದ ಮಾತೊಂದಿದೆ. ಇದು ಟಿಕೆಟ್ ಕೊಂಡು ಒಳಹೋಗುವ ಮೃಗಾಲಯವಲ್ಲ. ಕೃಷಿ ಕಾಲೇಜು, ಸಂಶೋಧನಾ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರಗಳು ಕೆಲಸ ಮಾಡುವ ಆವರಣ. ಭಾನುವಾರ, ಸರ್ಕಾರಿ ರಜೆಗಳನ್ನು ಬಿಟ್ಟು, ಬೆಳಿಗ್ಗೆಯೇ ಹೋಗಿ ಕಚೇರಿಯಲ್ಲಿ ಅನುಮತಿ ಕೇಳಬೇಕು. ಶಾಲೆಯ ಮಕ್ಕಳ ಗುಂಪಾದರೆ ವಾರದ ಮುಂಚೆ ಪತ್ರ ಕೊಟ್ಟಿರುವುದು ಒಳ್ಳೆಯದು. ಅನುಮತಿ ಕೇಳಲು ಸಂಕೋಚವಾದರೆ ಚಳಿಗಾಲದ ಕೃಷಿ ಮೇಳವನ್ನೇ ಕಾಯಬಹುದು. ಆಗ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಜನಸಂದಣಿಯೂ ಅಷ್ಟೇ ಇರುತ್ತದೆ, ಚಿಕ್ಕ ಮಕ್ಕಳ ಕೈ ಬಿಡುವಂತಿಲ್ಲ.

ಒಳಗೆ ನೋಡುವುದೇನು? ಮಗುವಿಗೆ ಮೊದಲು ರಾಗಿಯ ತೆನೆ ತೋರಿಸಬೇಕು. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಚಿಕ್ಕದು, ತನ್ನ ಪರಾಗದಿಂದ ತಾನೇ ಕಾಳು ಕಟ್ಟುತ್ತದೆ. ಹಾಗಾಗಿ ಎರಡು ತಳಿಗಳನ್ನು ಕೂಡಿಸುವುದು ಬಲು ಕಷ್ಟ. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ಇದೇ ಫಾರಂನಲ್ಲಿ ಆಫ್ರಿಕಾದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ, ಇಂಡಿಯಾ ಮತ್ತು ಆಫ್ರಿಕಾ ಎರಡರ ಹೆಸರೂ ಸೇರಿದ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಹಳೇ ಮೈಸೂರಿನ ಎಷ್ಟೋ ಮನೆಗಳ ಮುದ್ದೆ ಅವರ ದುಡಿಮೆಯಿಂದ ದೊಡ್ಡದಾಯಿತು. ಇಲ್ಲಿಂದಲೇ ಬಂದ ಕೆಎಂಆರ್-340 ಎಂಬ ಬಿಳಿ ರಾಗಿಯನ್ನು ಮಗುವಿನ ಅಂಗೈಯಲ್ಲಿಟ್ಟರೆ, ಇದು ರಾಗಿಯೇ ಅಲ್ಲವೆಂದು ವಾದಕ್ಕೆ ನಿಂತೀತು.

ಭತ್ತದ ಕತೆಯೂ ಸೊಗಸಾಗಿದೆ. ಕೆಆರ್‌ಎಚ್-2 ಎಂಬ ಹೈಬ್ರಿಡ್ ಭತ್ತ ಇಲ್ಲಿಯದು. ಹೈಬ್ರಿಡ್ ಬೀಜ ಬೆಳೆಯುವ ಗದ್ದೆಯಲ್ಲಿ ಹೂ ಬಿಡುವ ಹೊತ್ತಿಗೆ ಇಬ್ಬರು ಎರಡು ಬದುಗಳ ಮೇಲೆ ನಿಂತು, ಹಗ್ಗವನ್ನು ತೆನೆಗಳ ಮೇಲೆ ಎಳೆದುಕೊಂಡು ಹೋಗುತ್ತಾರೆ. ಗಂಡು ಸಾಲಿನ ಪರಾಗ ಹಾರಿ ಹೆಣ್ಣು ಸಾಲಿನ ಮೇಲೆ ಬೀಳಲೆಂದು. ಆ ದಿನಗಳಲ್ಲಿ ಹೋದವರು ಅದನ್ನು ನೋಡದೆ ಬರಬಾರದು.

ಫಾರಂ ಸುತ್ತಮುತ್ತ ನಾಲೆಗಳಿವೆ. ಫೋಟೊ ತೆಗೆಯುವ ಆಸೆಗೆ ಏರಿಯ ಅಂಚಿಗೆ ಹೋಗುವುದು ಬೇಡ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ಇದೇ ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತದ್ದನ್ನು ಈ ಸೀಮೆ ಮರೆತಿಲ್ಲ. ಏರಿ ಮೇಲಿನ ರಸ್ತೆಯಲ್ಲಿ ಕಾರನ್ನು ನಿಧಾನವಾಗಿಯೇ ಓಡಿಸಬೇಕು.

ಮಧ್ಯಾಹ್ನ ಮಳವಳ್ಳಿಯ ಕಡೆಗೆ. ಹೊಸ ಎಕ್ಸ್‌ಪ್ರೆಸ್ ವೇ ಹಿಡಿದರೆ ಮದ್ದೂರು ಬದಿಗೆ ಉಳಿದುಬಿಡುತ್ತದೆ. ಅದರ ಮುಖ್ಯ ರಸ್ತೆಗೆ ಬೈಕು, ಆಟೊ ಬಿಡುವುದೂ ಇಲ್ಲ. ಹಳೆಯ ರಸ್ತೆಯಲ್ಲೇ ಸಾಗಿ ಮದ್ದೂರಿನಲ್ಲಿ ವಡೆ ತಿಂದು ತಿರುಗಿದರೆ ದಾರಿಯೂ ಹಿತ, ಹೊಟ್ಟೆಯೂ ತಂಪು.

ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರದ ಕುರಿ ಸಂವರ್ಧನಾ ಕೇಂದ್ರವಿದೆ. ಇದೇ ತಾಲ್ಲೂಕಿನ ಬಂಡೂರು ಎಂಬ ಹಳ್ಳಿಯ ಹೆಸರು ಹೊತ್ತ ಕುರಿಯನ್ನು ಇಲ್ಲಿ ಸಾಕುತ್ತಾರೆ. ದಾಖಲೆಗಳಲ್ಲಿ ಈ ತಳಿಯ ಹೆಸರೇ ‘ಮಂಡ್ಯ’. ಮಕ್ಕಳಿಗೆ ಗುರುತು ಹೇಳಿಕೊಟ್ಟರೆ ಅವರೇ ಹುಡುಕುತ್ತಾರೆ: ಗಿಡ್ಡ ಕಾಲು, ಉರುಳೆಯಂಥ ಮೈ, ಕೊಂಬಿಲ್ಲದ ತಲೆ, ಹಲವು ಕುರಿಗಳ ಗಂಟಲಲ್ಲಿ ಜೋತುಬಿದ್ದ ಎರಡು ಲೋಲಕ. ಹಿಂದಿನಿಂದ ನೋಡಿದರೆ ತೊಡೆಗಳ ನಡುವೆ ತಲೆಕೆಳಗಾದ ‘ಯು’ ಅಕ್ಷರ ಕಾಣಬೇಕು. ವ್ಯಾಪಾರಿ ನೋಡುವುದೂ ಅದನ್ನೇ. ಬೇರೆ ತಳಿಯ ಟಗರು ಬೆರೆತು ಶುದ್ಧ ಬಂಡೂರು ಅಪರೂಪವಾಗುತ್ತಿರುವುದರಿಂದ ಇಂಥ ಮಂದೆ ಉಳಿಯುವುದು ಮುಖ್ಯ.

ಇಲ್ಲಿಯೂ ಕೇಳಿಯೇ ಒಳಗೆ ಹೋಗಬೇಕು. ಅದೇ ದಿನ ಬೇರೆ ಕೊಟ್ಟಿಗೆ, ಸಂತೆ ಸುತ್ತಿ ಬಂದ ಚಪ್ಪಲಿಯಲ್ಲಿ ಕಾಲಿಡಬಾರದು. ಕಾಲುಬಾಯಿ ಜ್ವರ ಮಣ್ಣಿನ ಜೊತೆಗೇ ನಡೆದು ಬರುತ್ತದೆ. ಮನೆಯಿಂದ ತಂದ ಬಿಸ್ಕತ್ತು, ಅನ್ನ ಹಾಕುವುದು ಬೇಡ. ಮರಿ ಎತ್ತಿಕೊಳ್ಳುವ ಆಸೆಯಿದ್ದರೆ ನೋಡಿಕೊಳ್ಳುವವರನ್ನು ಕೇಳಬೇಕು. ತಾಯಿಕುರಿಗೆ ಕಾಣುವಂತೆ, ಎದೆಗವಚಿ ಹಿಡಿಯಬೇಕು, ಕಾಲು ಹಿಡಿದು ಎಳೆಯಬಾರದು. ಆಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು.

ಸಂಜೆಗೆ ಸಮಯ ಉಳಿದರೆ ಅದೇ ತಾಲ್ಲೂಕಿನ ದಾಸನದೊಡ್ಡಿ. ಕುರಿ ಮೇಯಿಸುತ್ತಿದ್ದ ಕಾಮೇಗೌಡರು ಬೇಸಿಗೆಯಲ್ಲಿ ಹಕ್ಕಿ, ಪ್ರಾಣಿಗಳಿಗೆ ನೀರಿಲ್ಲದ್ದನ್ನು ಕಂಡು, ಕುರಿ ಮಾರಿದ ಹಣದಲ್ಲಿ ಕುಂದೂರು ಬೆಟ್ಟದಲ್ಲಿ ಒಂದರ ಹಿಂದೊಂದು ಕಟ್ಟೆ ತೋಡಿಸಿದರು. ಅವರು 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಮಧ್ಯಾಹ್ನವೆಲ್ಲ ಕುರಿ ನೋಡಿದ ಮಕ್ಕಳಿಗೆ ಕುರಿ ಕಾಯುವವನೊಬ್ಬನ ಕೆಲಸವನ್ನು ತೋರಿಸಲು ಇದಕ್ಕಿಂತ ತಕ್ಕ ಜಾಗ ಈ ಜಿಲ್ಲೆಯಲ್ಲಿಲ್ಲ. ಬೆಟ್ಟದಲ್ಲಿ ಪ್ಲಾಸ್ಟಿಕ್ ಬಿಸಾಡದೆ, ಕತ್ತಲಾಗುವ ಮೊದಲೇ ಇಳಿಯಬೇಕು.

ದಿನ ಆರಿಸಿಕೊಳ್ಳುವ ಅನುಕೂಲ ಇದ್ದವರು ಜನವರಿಯ ಸಂಕ್ರಾಂತಿಯ ಹಿಂದುಮುಂದು ಬರಲಿ. ಕುಯ್ಲು ಮುಗಿಯುವ ಕಾಲ, ಬಿಸಿಲೂ ಹದವಾಗಿರುತ್ತದೆ. ಹಬ್ಬದ ದಿನ ಕಚೇರಿಗಳು ಮುಚ್ಚಿರುವುದರಿಂದ ಫಾರಂ, ಧನಗೂರು ಎರಡನ್ನೂ ಹಿಂದಿನ ದಿನವೇ ಮುಗಿಸಬೇಕು. ಹಬ್ಬದ ಸಂಜೆ ಮಂಡ್ಯದ ಹಳ್ಳಿಗಳಲ್ಲಿ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು ಸಿಂಗರಿಸಿದ ಹಳ್ಳಿಕಾರ್ ಎತ್ತುಗಳನ್ನು ಕಿಚ್ಚು ಹಾಯಿಸುತ್ತಾರೆ. ಬೆಂಕಿ ಕಂಡ ದನ ಯಾವ ಕಡೆ ನುಗ್ಗುವುದೋ ಹೇಳಲಾಗದು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಯಾವುದಾದರೂ ಜಗಲಿಯ ಮೇಲೆ ನಿಂತೇ ನೋಡಬೇಕು.