ವಿಷಪ್ರಸಂಗದಲ್ಲಿ ನಿಜದ ಮಾತು: ಸಹಾಯವಾಣಿಯ ಔಷಧತಜ್ಞರ ಕಾಯಕ



ನಮ್ಮ ಯಂಕಂಚಿಯ ಸುತ್ತಲೂ, ಸಿಂದಗಿ, ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯಲ್ಲೆಲ್ಲ ತೊಗರಿ ಹೂವಾಡುವ ಕಾಲಕ್ಕೆ ರೈತರು ಹೊಲಕ್ಕೆ ‘ಎಣ್ಣಿ’ ಹೊಡೆಯಲು ತೊಡಗುತ್ತಾರೆ. ಕೆಲವರು ಅದನ್ನೇ ‘ಔಷಧ’ ಎಂದೂ ಕರೆಯುತ್ತಾರೆ. ಹತ್ತಿಗೂ ದ್ರಾಕ್ಷಿಗೂ ನಿಂಬೆಗೂ ಇದೇ ಮಾತು. ಆದರೆ ಬೆಳೆಗೆ ಔಷಧವಾದುದು ಮನುಷ್ಯನ ದೇಹಕ್ಕೆ ವಿಷವೆಂಬುದನ್ನು ನಾವು ಮರೆಯಬಾರದು. ಸಿಂಪರಣೆಯ ಬಳಿಕ ಉಳಿದ ಬಾಟಲಿ ಮನೆಗೆ ಬರುತ್ತದೆ. ಒಮ್ಮೆ ಕೂಸು ಅದನ್ನು ಬಾಯಿಗಿಡುತ್ತದೆ. ಒಮ್ಮೆ ಕತ್ತಲಲ್ಲಿ ನೀರೆಂದು ಯಾರೋ ಗುಟುಕರಿಸುತ್ತಾರೆ. ಒಮ್ಮೆ ಮನನೊಂದ ಜೀವವೊಂದು ದುಡುಕುತ್ತದೆ. ಅಂತಹ ಗಳಿಗೆಯಲ್ಲಿ ಮನೆಯವರು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರ ಮಾಡೋಣ.

ಕಿವಿಯಿಂದ ನಡೆಯುವ ಕಾಯಕ

ಅಮೆರಿಕದ ಷಿಕಾಗೋ ನಗರದ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯಲ್ಲಿ ಲೂಯಿ ಗ್ಡಾಲ್ಮನ್ ಎಂಬ ಔಷಧತಜ್ಞರಿದ್ದರು. ಯಾವ ಪದಾರ್ಥದಲ್ಲಿ ಯಾವ ವಿಷವಿದೆ, ಅದಕ್ಕೆ ಯಾವ ಚಿಕಿತ್ಸೆ ಎಂಬುದನ್ನು ಅವರು ಚಿಕ್ಕ ಚಿಕ್ಕ ಚೀಟಿಗಳಲ್ಲಿ ಬರೆದಿಡುತ್ತ ಬಂದರು. ಆ ಚೀಟಿಗಳು ಸುಮಾರು 9000 ಆದವು. ವೈದ್ಯರು ಫೋನು ಮಾಡಿ ಅವರನ್ನು ಕೇಳುತ್ತಿದ್ದರು. 1953ರಲ್ಲಿ ಅದೇ ನಗರದಲ್ಲಿ ಆರಂಭವಾದ ವಿಷ ನಿಯಂತ್ರಣ ಕೇಂದ್ರಕ್ಕೆ ಈ ಚೀಟಿಗಳ ಜ್ಞಾನವೇ ಆಧಾರವಾಯಿತು.

ನಮ್ಮ ದೇಶದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ 1995ರಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಸ್ಥಾಪನೆಯಾಯಿತು. ಅದು ಹಗಲಿರುಳೂ ತೆರೆದಿರುತ್ತದೆ. ಅದರ ಉಚಿತ ದೂರವಾಣಿ ಸಂಖ್ಯೆ 1800 116 117. ನಮ್ಮ ನಾಡಿನಲ್ಲಿ ಸುತ್ತೂರು ಶ್ರೀಮಠದ ಆಶ್ರಯದ ಮೈಸೂರಿನ ಜೆಎಸ್‌ಎಸ್ ಆಸ್ಪತ್ರೆಯಲ್ಲಿಯೂ ಔಷಧತಜ್ಞರು ವಿಷ ಮಾಹಿತಿಯ ಸೇವೆ ಸಲ್ಲಿಸುತ್ತ ಬಂದಿದ್ದಾರೆ.

ಈ ಕಾಯಕ ವಿಶಿಷ್ಟವಾದುದು. ವೈದ್ಯರು ರೋಗಿಯ ನಾಡಿ ಹಿಡಿಯುತ್ತಾರೆ, ಕಣ್ಣು ನೋಡುತ್ತಾರೆ. ಫೋನಿನ ಆಚೆ ಕುಳಿತವರಿಗೆ ರೋಗಿ ಕಾಣಿಸುವುದಿಲ್ಲ. ಅವರಿಗೆ ಕೇಳಿಸುವುದು ಗಾಬರಿಗೊಂಡ ಒಂದು ದನಿ ಮಾತ್ರ. ಆ ದನಿ ಹೇಳುವ ನಿಜವೇ ಅವರ ಕಣ್ಣು. ನಾವು ತಪ್ಪು ಹೇಳಿದರೆ, ಮುಚ್ಚಿಟ್ಟರೆ, ಅವರ ಕಣ್ಣು ಕಟ್ಟಿದಂತೆಯೇ ಸರಿ.

ಹೆಸರು ಏಕೆ ಮುಖ್ಯ?

ಸಹಾಯವಾಣಿಯವರು ಕೇಳುವ ಪ್ರಶ್ನೆಗಳು ಹೆಚ್ಚಿಲ್ಲ. ಏನು ಸೇವಿಸಿದ್ದು? ಎಷ್ಟು? ಎಷ್ಟು ಹೊತ್ತಾಯಿತು? ರೋಗಿಯ ವಯಸ್ಸು, ತೂಕವೆಷ್ಟು? ಈಗ ಹೇಗಿದ್ದಾರೆ? ಇಲ್ಲಿಯವರೆಗೆ ಮನೆಯಲ್ಲಿ ಏನು ಮಾಡಿದಿರಿ? ಇವುಗಳಲ್ಲಿ ಮೊದಲನೆಯದೇ ಮುಖ್ಯ. ‘ಎಣ್ಣಿ ಕುಡಿದಾರ’ ಎಂದರೆ ಸಾಲದು. ಒಂದೇ ರಾಸಾಯನಿಕ ಹತ್ತಾರು ವ್ಯಾಪಾರಿ ಹೆಸರುಗಳಲ್ಲಿ ಮಾರಾಟವಾಗುತ್ತದೆ. ಒಂದೇ ಬಾಟಲಿಯಲ್ಲಿ ಪ್ರೊಫೆನೊಫಾಸ್ ಮತ್ತು ಸೈಪರ್‌ಮೆಥ್ರಿನ್‌ನಂತಹ ಎರಡು ವಿಷಗಳೂ ಕೂಡಿರಬಹುದು.

ಕ್ಲೋರ್‌ಪೈರಿಫಾಸ್ ಗುಂಪಿನ ಕೀಟನಾಶಕವಾದರೆ ಜೊಲ್ಲು ಸುರಿಯುತ್ತದೆ, ಬೆವರು ಹರಿಯುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ, ಉಸಿರು ಕಟ್ಟುತ್ತದೆ. ಅದಕ್ಕೆ ಅಟ್ರೋಪಿನ್ ಎಂಬ ಪ್ರತಿವಿಷವಿದೆ. ಕಳೆನಾಶಕ ಪ್ಯಾರಾಕ್ವಾಟ್ ಆದರೆ ಅಟ್ರೋಪಿನ್ ನಾಟುವುದಿಲ್ಲ. ಅಷ್ಟೇ ಅಲ್ಲ, ಎಲ್ಲ ರೋಗಿಗಳಿಗೂ ಒಳಿತೆಂದು ಕೊಡುವ ಆಮ್ಲಜನಕವನ್ನೂ ಅಲ್ಲಿ ಅಳೆದೇ ಕೊಡಬೇಕಾಗುತ್ತದೆ. ಹೆಸರು ತಪ್ಪಿದರೆ ಚಿಕಿತ್ಸೆಯ ದಾರಿಯೇ ತಪ್ಪುತ್ತದೆ.

ಕೂಸು ಸೀಮೆಸುಣ್ಣ ತಿಂದಿತೆಂದು ತಾಯಿ ಅಳುತ್ತ ಫೋನು ಮಾಡಿದಳೆನ್ನಿ. ಶಾಲೆಯ ಸೀಮೆಸುಣ್ಣವಾದರೆ ಚಿಂತೆಯಿಲ್ಲ. ಇರುವೆ, ಜಿರಲೆಗೆಂದು ಗೆರೆ ಎಳೆಯುವ ಸೀಮೆಸುಣ್ಣವಾದರೆ ಅದು ಕೀಟನಾಶಕ. ನೋಡಲು ಎರಡೂ ಬಿಳಿಯೇ. ಪೊಟ್ಟಣದ ಮೇಲಿನ ಅಕ್ಷರ ಓದಿ ಹೇಳಿದಾಗಲೇ ವ್ಯತ್ಯಾಸ ತಿಳಿಯುವುದು. ಆದ್ದರಿಂದ ಆಸ್ಪತ್ರೆಗೆ ಹೋಗುವಾಗ ಬಾಟಲಿ, ಪೊಟ್ಟಣ ಅಥವಾ ಗುಳಿಗೆಯ ಪಟ್ಟಿಯನ್ನು ಚೀಲದಲ್ಲಿ ಕಟ್ಟಿಕೊಂಡು ಹೋಗಬೇಕು. ಕೀಟನಾಶಕದ ಚೀಟಿಯ ಮೇಲೆ ಬಣ್ಣದ ತ್ರಿಕೋನವಿರುತ್ತದೆ. ಕೆಂಪು ಅತಿ ಘೋರ ವಿಷ. ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಹಸಿರೆಂದರೆ ನಿರಪಾಯವೆಂದು ಅರ್ಥವಲ್ಲ.

ಮಾಡಬಾರದ ಕೆಲಸಗಳು

ನಮ್ಮ ಊರುಗಳಲ್ಲಿ ವಿಷ ಕುಡಿದವರಿಗೆ ಉಪ್ಪುನೀರು, ಸಾಬೂನು ನೀರು, ಸೆಗಣಿ ನೀರು ಕುಡಿಸಿ ವಾಂತಿ ಮಾಡಿಸುವ ರೂಢಿಯಿದೆ. ಹಿರಿಯರ ಉದ್ದೇಶ ಒಳ್ಳೆಯದಾದರೂ ಈ ಕ್ರಮ ಅಪಾಯಕರ. ಸೀಮೆಎಣ್ಣೆ ಕುಡಿದವರು ವಾಂತಿ ಮಾಡಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಶೌಚಾಲಯ ತೊಳೆಯುವ ಆಮ್ಲ ಒಳಗೆ ಹೋಗುವಾಗ ಒಮ್ಮೆ ಸುಟ್ಟ ಗಂಟಲನ್ನು ಹೊರಬರುವಾಗ ಮತ್ತೊಮ್ಮೆ ಸುಡುತ್ತದೆ. ಅತಿಯಾದ ಉಪ್ಪುನೀರು ತಾನೇ ಇನ್ನೊಂದು ವಿಷವಾಗುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಹನಿ ನೀರನ್ನೂ ಹಾಕಬಾರದು. ಅವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು.

ಎಚ್ಚರ ತಪ್ಪಿದ್ದರೆ, ಫಿಟ್ಸ್ ಬರುತ್ತಿದ್ದರೆ, ಉಸಿರಾಟ ಕಷ್ಟವಾಗಿದ್ದರೆ ಮೊದಲು 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಸಾಗಿಸಬೇಕು. ಸಿಂಪರಣೆಯಲ್ಲಿ ವಿಷ ಮೈಮೇಲೆ ಚೆಲ್ಲಿದರೆ ಬಟ್ಟೆ ಕಳಚಿ ಸಾಬೂನು ಹಚ್ಚಿ ಧಾರಾಳ ನೀರಿನಲ್ಲಿ ತೊಳೆಯಬೇಕು. ಕಣ್ಣಿಗೆ ಬಿದ್ದರೆ 15ರಿಂದ 20 ನಿಮಿಷ ನೀರು ಹರಿಸಬೇಕು. ಸಹಾಯವಾಣಿಯೊಡನೆ ಮಾತನಾಡಲು ಭಾಷೆ ತೊಡಕೆನಿಸಿದರೆ ಹಿಂದಿ, ಇಂಗ್ಲಿಷ್ ಬಲ್ಲವರ ಕೈಗೆ ಫೋನು ಕೊಡಬಹುದು. ಚಿಕಿತ್ಸೆ ನೀಡುತ್ತಿರುವ ವೈದ್ಯರೂ ಅಲ್ಲಿಂದ ಸಲಹೆ ಪಡೆಯಬಹುದು.

‘ಈಗ ಆರಾಮ ಇದ್ದಾನ’ ಎಂದು ಸುಮ್ಮನಿರುವುದೂ ತಪ್ಪೇ. ಅಜ್ಜನ ಸಕ್ಕರೆ ಕಾಯಿಲೆಯ ಕೆಲವು ಗುಳಿಗೆಗಳನ್ನು ಕೂಸು ನುಂಗಿದರೆ ಹಲವು ಗಂಟೆಗಳ ನಂತರ ರಕ್ತದ ಸಕ್ಕರೆ ಕುಸಿಯಬಹುದು. ಜ್ವರದ ಗುಳಿಗೆ ಪ್ಯಾರಸಿಟಮಾಲ್ ಮಿತಿ ಮೀರಿದರೆ ಮೊದಲ ದಿನ ಏನೂ ಕಾಣದು. ಯಕೃತ್ತಿಗೆ ಆದ ಹಾನಿ ಎರಡು ಮೂರು ದಿನಗಳ ಮೇಲೆ ಹೊರಬೀಳುತ್ತದೆ. ಅದರ ಪ್ರತಿವಿಷವಾದರೋ ಮೊದಲ 8 ಗಂಟೆಗಳೊಳಗೆ ಕೊಟ್ಟರೆ ಹೆಚ್ಚು ಫಲ ನೀಡುತ್ತದೆ.

ಮುಚ್ಚಿಡುವುದು ಮಾನವಲ್ಲ

ಎಲ್ಲಕ್ಕಿಂತ ಕಠಿಣವಾದ ಮಾತೊಂದನ್ನು ನಾವು ಹೇಳಲೇಬೇಕು. ಮನೆಯ ಮಗಳೋ ಸೊಸೆಯೋ ಸಾಲದಿಂದ ಕುಗ್ಗಿದ ಯಜಮಾನನೋ ವಿಷ ಸೇವಿಸಿದಾಗ, ಮನೆತನದ ಮಾನ ಹೋದೀತೆಂದು, ಪೊಲೀಸರು ಬಂದಾರೆಂದು ಅಂಜಿ ‘ಊಟ ಹೆಚ್ಚುಕಡಿಮೆ ಆಗಿ ವಾಂತಿ ಆಗೇದ’ ಎಂದು ಹೇಳುವವರಿದ್ದಾರೆ. ಆ ಒಂದು ಸುಳ್ಳು ಜೀವದ ಗಳಿಗೆಗಳನ್ನು ನುಂಗುತ್ತದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಅಂತಹವರನ್ನು ತೀವ್ರ ಮನೋವೇದನೆಯಲ್ಲಿರುವವರೆಂದು ಭಾವಿಸಿ, ಅವರಿಗೆ ಶಿಕ್ಷೆಯಲ್ಲ, ಆರೈಕೆ ದೊರೆಯಬೇಕೆಂದು ವಿಧಿಸಿದೆ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವುದು ನಿಯಮದಂತೆ ನಡೆಯುವ ದಾಖಲಾತಿ. ಅದಕ್ಕೆ ಅಂಜಿ ನಿಜವನ್ನು ಮುಚ್ಚಬೇಕಾಗಿಲ್ಲ. ಬದುಕಿ ಬಂದವರನ್ನು ಹಂಗಿಸದೆ ಅಪ್ಪಿಕೊಳ್ಳಬೇಕು. ಮನಸ್ಸು ಭಾರವಾದವರು ಹಗಲಿರುಳು ಯಾವ ಹೊತ್ತಿನಲ್ಲಾದರೂ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಮಾತನಾಡಬಹುದು.

ಇಂದೇ ಮಾಡಬೇಕಾದುದು

ಕೀಟನಾಶಕವನ್ನು ಬೇಕಾದಷ್ಟೇ ತರೋಣ. ಉಳಿದದ್ದನ್ನು ವಾಸದ ಮನೆಯ ಹೊರಗೆ ಕೀಲಿ ಹಾಕಿದ ಪೆಟ್ಟಿಗೆಯಲ್ಲಿಡೋಣ. ನೀರಿನ ಅಥವಾ ತಂಪು ಪಾನೀಯದ ಬಾಟಲಿಗೆ ಎಂದೂ ಸುರಿಯದಿರೋಣ. ಕಾಳಿನ ಚೀಲಗಳಿಗೆ ಇಡುವ ಗುಳಿಗೆ ತೇವ ತಗುಲಿದೊಡನೆ ವಿಷಗಾಳಿ ಬಿಡುವುದರಿಂದ ಮಲಗುವ ಮನೆಯಲ್ಲಿ ಅದನ್ನು ಬಳಸದಿರೋಣ. ಮೇಲೆ ಹೇಳಿದ ಮೂರು ಸಂಖ್ಯೆಗಳನ್ನು, ಅಂದರೆ 108, 1800 116 117 ಮತ್ತು 14416 ಇವುಗಳನ್ನು ಮನೆಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡೋಣ.

ಫೋನಿನ ಆಚೆ ಕುಳಿತವರು ತಮ್ಮ ಕಾಯಕವನ್ನು ನಿಷ್ಠೆಯಿಂದ ಮಾಡುತ್ತಾರೆ. ಈಚೆ ಇರುವ ನಮ್ಮ ಪಾಲಿನ ಕಾಯಕ ಒಂದೇ: ಬಾಟಲಿಯನ್ನು ಕೈಯಲ್ಲಿ ಹಿಡಿದು, ತಡಮಾಡದೆ, ಇದ್ದದ್ದನ್ನು ಇದ್ದಂತೆ ಹೇಳುವುದು.