ಮರ್ಕಳಕ್ಕೆ ಹೊರಟವಳಿಗೆ

ತಂಗಿ, ಆಳಂದಿ ಹತ್ತಿರದ ಮರ್ಕಳದಲ್ಲಿ ಹತ್ತು ದಿನದ ವಿಪಶ್ಯನ ಶಿಬಿರಕ್ಕೆ ಹೆಸರು ಕೊಟ್ಟಿದ್ದೀಯಂತೆ. ವೈನಿ ಫೋನಿನಲ್ಲಿ ಹೇಳಿದರು. ಮಗಳು ಎಲ್ಲಿ ಸನ್ಯಾಸ ತಗೊಂಡುಬಿಡುತ್ತಾಳೋ ಎಂದು ಅವರಿಗೆ ಒಳಗೊಳಗೇ ಹೆದರಿಕೆ. ಹಾಗೇನೂ ಆಗೋದಿಲ್ಲ ಎಂದು ಸಮಾಧಾನ ಹೇಳಿದ್ದೇನೆ. ಹೋಗಿ ಬಾ. ಹೋಗುವ ಮೊದಲು ಕಾಕಾನ ನಾಲ್ಕು ಮಾತು ಕೇಳಿಕೋ. ಅಲ್ಲಿಯ ಧಮ್ಮಾನಂದ ಕೇಂದ್ರದ ಬಾಗಿಲು ದಾಟಿದ ಮೇಲೆ ಫೋನೂ ಇಲ್ಲ, ನನ್ನ ಉಪದೇಶವೂ ಇಲ್ಲ. ಅಷ್ಟರಮಟ್ಟಿಗೆ ನೀನು ಪುಣ್ಯವಂತೆ.

"ಅಪ್ಪ ಹೋದ ದುಃಖ ಇದರಿಂದ ಹೋಗತದೇನು ಕಾಕಾ?" ಅಂತ ಕೇಳಿದ್ದಿ. ಹೋಗೋದಿಲ್ಲ. ಹೋಗಲಿ ಅಂತಲೇ ಹೊರಟಿದ್ದರೆ ಬ್ಯಾಗು ತುಂಬುವ ಮೊದಲು ಇನ್ನೊಮ್ಮೆ ಯೋಚನೆ ಮಾಡು.

ಈ ಶಿಬಿರಗಳನ್ನು 1969ರಲ್ಲಿ ಭಾರತಕ್ಕೆ ತಂದ ಸತ್ಯನಾರಾಯಣ ಗೋಯೆಂಕಾ ಬರ್ಮಾದಲ್ಲಿ ವ್ಯಾಪಾರ ಮಾಡಿಕೊಂಡಿದ್ದವರು. ಜೀವ ಹಿಂಡುವ ಅರೆತಲೆಶೂಲೆ. ಅದು ಮಾರ್ಫಿನ್ ಇಂಜೆಕ್ಷನ್ನಿಗೂ ಜಗ್ಗದಿದ್ದಾಗ, 1955ರಲ್ಲಿ ಯಾರೋ ಹೇಳಿದರೆಂದು ರಂಗೂನಿನ ಊ ಬಾ ಖಿನ್ ಎಂಬ ಗುರುಗಳ ಬಳಿ ಹೋದರು. ಆ ಗುರು ಯಾವ ಗುಹೆಯಲ್ಲಿದ್ದವರೂ ಅಲ್ಲ, ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್. (ಲೆಕ್ಕಪತ್ರದವರಿಗೂ ಮೋಕ್ಷ ಉಂಟು ಎನ್ನಲು ನನ್ನಂಥ ನಿವೃತ್ತ ಗುಮಾಸ್ತನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.) ತಲೆನೋವು ವಾಸಿ ಮಾಡಿಸಿಕೊಳ್ಳಲು ಬಂದಿದ್ದರೆ ಸೇರಿಸಿಕೊಳ್ಳುವುದಿಲ್ಲ ಎಂದುಬಿಟ್ಟರು ಅವರು. ಮನಸ್ಸನ್ನು ತಿಳಿಯಲು ಬಂದರೆ ಸರಿ, ತಲೆನೋವು ಹೋದರೆ ಅದು ಲಾಭದ ಮೇಲಿನ ಲಾಭ. ನಿನಗೂ ಅದೇ ಷರತ್ತು.

ಸಾರನಾಥದಲ್ಲಿ ಐದು ಮಂದಿಯ ಮುಂದೆ ಬುದ್ಧ ಮೊದಲ ಸಲ ಮಾತಾಡಿದಾಗ ದುಃಖವನ್ನು ಒಂದೊಂದಾಗಿ ಹೆಸರಿಟ್ಟು ಹೇಳಿದ. ಹುಟ್ಟು, ಮುಪ್ಪು, ಸಾವು, ಬೇಡವಾದವರ ಜೊತೆ ಇರಬೇಕಾಗುವುದು, ಬೇಕಾದವರನ್ನು ಅಗಲುವುದು, ಬಯಸಿದ್ದು ಕೈಗೆ ಸಿಗದಿರುವುದು. ನಿಮ್ಮಪ್ಪ ನನಗೆ ಒಡಹುಟ್ಟಿದ ಅಣ್ಣ, ಆದ್ದರಿಂದ ಈ ಪಟ್ಟಿಯಲ್ಲಿ ನೀನೂ ನಾನೂ ಒಂದೇ ಸಾಲಿನವರು. ಕಾರಣವನ್ನೂ ಹೇಳಿದ: ತೃಷ್ಣೆ. ಬೇಕು ಎಂಬ ಹಂಬಲ ಎಷ್ಟೋ, ಹೀಗಾಗಬಾರದಿತ್ತು ಎಂಬ ಹಟವೂ ಅಷ್ಟೇ ತೃಷ್ಣೆ. ಅದು ಆರಬಲ್ಲದು ಎಂದ, ಆರಿಸುವ ದಾರಿಗೆ ಎಂಟು ಅಂಗ ಎಂದ. ಕಣ್ಣು ಮುಚ್ಚಿ ಕೂರುವ ಕೆಲಸ ಆ ಎಂಟರಲ್ಲಿ ಕೊನೆಯ ಮೂರಕ್ಕೆ ಸೇರಿದ್ದು. ಆಡುವ ಮಾತು, ಮಾಡುವ ಕೆಲಸ, ಹೊಟ್ಟೆಪಾಡಿನ ದಾರಿ ಅದಕ್ಕಿಂತ ಮೊದಲೇ ಬರುತ್ತವೆ. ಶಿಬಿರದಲ್ಲೂ ಮೊದಲು ಐದು ಶೀಲ ತೆಗೆದುಕೊಂಡ ಮೇಲೆಯೇ ಉಸಿರಿನ ಪಾಠ.

ಬುದ್ಧನ ಉಪದೇಶಗಳಾದ ಸುತ್ತಗಳಲ್ಲಿ ಒಂದು ಬಾಣದ ಮಾತು ಬರುತ್ತದೆ. ಒಬ್ಬನಿಗೆ ಬಾಣ ನಾಟಿತು, ನೋವಾಯಿತು. ಆ ನೋವಿಗೆ ಗೋಳಾಡಿ, ಎದೆ ಬಡಿದುಕೊಂಡು, ಅದೇ ಗಾಯದ ಮೇಲೆ ಎರಡನೆಯ ಬಾಣವನ್ನು ಅವನೇ ಹೊಡೆದುಕೊಳ್ಳುತ್ತಾನೆ. ತಿಳಿದವನಿಗೂ ಮೊದಲನೆಯದು ತಪ್ಪುವುದಿಲ್ಲ, ಎರಡನೆಯದು ಮಾತ್ರ ಇಲ್ಲ. ನಿನ್ನ ಎರಡನೆಯ ಬಾಣ ಯಾವುದೆಂದು ನಾನು ಬಲ್ಲೆ. ಆ ರಾತ್ರಿ ಅಪ್ಪ ಫೋನ್ ಮಾಡಿದಾಗ ನೀನು ಹಿಂಜೆವಾಡಿಯ ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದೆ, ಎತ್ತಲಿಲ್ಲ. ಬೆಳಗಾಗುವುದರೊಳಗೆ ಸುದ್ದಿ ಬಂತು. ಎತ್ತಿದ್ದರೆ ಏನೋ ಹೇಳುತ್ತಿದ್ದ, ಎತ್ತಿದ್ದರೆ ಉಳಿಯುತ್ತಿದ್ದ ಎಂದು ಆವತ್ತಿನಿಂದ ಕೊರಗುತ್ತಿದ್ದೀ. ಕೇಳು, ನೀನು ಎತ್ತದಿದ್ದ ಮೇಲೆ ಅಣ್ಣ ನನಗೆ ಫೋನ್ ಮಾಡಿದ್ದ. ಮಾತಾಡಿದ್ದು ಧಾರವಾಡದ ಆಪೂಸು ಹಣ್ಣಿನ ಪೆಟ್ಟಿಗೆಯ ಬಗ್ಗೆ. ಬಸ್ಸಿಗೆ ಹಾಕಿಸಿದರೆ ಪುಣೆಯಲ್ಲಿ ಇಳಿಸಿಕೊಳ್ಳೋರು ಯಾರು, ನೀನೋ ನಾನೋ ಎಂದು. ಅಷ್ಟೇ.

ಇದು ಗೊತ್ತಾಯಿತೆಂದು ಮನಸ್ಸು ಸುಮ್ಮನಾಗುತ್ತದೆ ಎಂದುಕೊಳ್ಳಬೇಡ. ದೀಪಾವಳಿಗೆ ಹೋಗಲಿಲ್ಲವಲ್ಲ ಎನ್ನುತ್ತದೆ, ಇನ್ನೊಂದು ಆಸ್ಪತ್ರೆಗೆ ತೋರಿಸಬೇಕಿತ್ತು ಎನ್ನುತ್ತದೆ. ಅದಕ್ಕೆ ಬಾಣಗಳಿಗೆ ಬರವಿಲ್ಲ. ಅದನ್ನು ಕಣ್ಣಾರೆ ನೋಡಲಿ ಎಂದೇ ನಿನ್ನನ್ನು ಹೋಗು ಎನ್ನುತ್ತಿದ್ದೇನೆ.

ಅಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಗಂಟೆ. ಮೊದಲ ಮೂರು ದಿನ ಮೂಗಿನ ಹೊಳ್ಳೆಯ ಹತ್ತಿರ ಉಸಿರು ಬರುವುದು ಹೋಗುವುದನ್ನು ಗಮನಿಸುವುದು, ಬೇರೇನಿಲ್ಲ. ಪ್ರಾಣಾಯಾಮದ ಹಾಗೆ ಉಸಿರನ್ನು ಹಿಡಿಯಲೂ ಬಾರದು, ಮಂತ್ರ ಸೇರಿಸಲೂ ಬಾರದು. ನಾಲ್ಕನೆಯ ದಿನದಿಂದ ನೆತ್ತಿಯಿಂದ ಅಂಗಾಲಿನವರೆಗೆ ಮೈಯಲ್ಲಿ ಏನೇನು ಆಗುತ್ತಿದೆ ಎಂದು ನೋಡುತ್ತಾ ಹೋಗುವುದು: ಬಿಸಿ, ಜುಮು, ತುರಿಕೆ, ನೋವು. ಆಮೇಲೆ ದಿನಕ್ಕೆ ಮೂರು ಸಲ, ಒಂದೊಂದು ತಾಸು ಕೈಕಾಲು ಕದಲಿಸದೆ ಕೂರಲು ಹೇಳುತ್ತಾರೆ. ಅಲ್ಲಿ ಯಾವಾಗಲೋ ಅಪ್ಪ ಬರುತ್ತಾನೆ. ಬಂದರೆ ಅಳು, ಯಾರೂ ಏನೂ ಅನ್ನೋದಿಲ್ಲ. ಆದರೆ ಆ ಫೋನಿನ ಕಥೆಯನ್ನು ಹೆಣೆಯುತ್ತಾ ಕೂರಬೇಡ. ಓಡಿಸಲೂ ಹೋಗಬೇಡ. ಗಂಟಲು ಬಿಗಿಯಿತೇ, ಎದೆಯ ಮೇಲೆ ಭಾರ ಬಂತೇ, ಅದು ಎಷ್ಟು ಹೊತ್ತು ಇತ್ತು, ಎಲ್ಲಿಗೆ ಸರಿಯಿತು, ಅಷ್ಟು ನೋಡು. ನೋವು ಬಂದದ್ದಕ್ಕೂ 'ಇದು ಬೇಡ' ಎಂದು ಮನಸ್ಸು ಸಿಡಿಯುವುದಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಇದೆ. ಬುದ್ಧನ ಇಡೀ ಕಸುಬು ಆ ಸಂದಿನಲ್ಲಿದೆ ಎಂದು ನನ್ನ ತಿಳಿವಳಿಕೆ. ನನ್ನ ಮಾತನ್ನೂ ನಂಬಿಕೊಂಡು ಕೂರಬೇಕಿಲ್ಲ. ಕಾಲಾಮರೆಂಬ ಜನರಿಗೆ ಬುದ್ಧ ಹೇಳಿದ್ದೂ ಅದನ್ನೇ, ಗುರು ಹೇಳಿದ ಎಂದು ಒಪ್ಪಬೇಡಿ, ನೀವೇ ಕಂಡುಕೊಳ್ಳಿ ಎಂದು.

ಮಾಡೆಲ್ ಕಾಲನಿಯ ಅಯ್ಯಂಗಾರ್ ಸಂಸ್ಥೆಯಲ್ಲಿ ಕಲಿತವಳು, ಬೆನ್ನು ನೆಟ್ಟಗಿಡುವುದನ್ನು ನಿನಗೆ ಹೇಳಿಕೊಡಬೇಕಿಲ್ಲ. ನಮ್ಮ ಕೋಲಾರ ಸೀಮೆಯ ಬೆಳ್ಳೂರಿನ ಆ ಮನುಷ್ಯ 1937ರಲ್ಲಿ ಪುಣೆಗೆ ಬಂದು ಲೋಕಕ್ಕೇ ಆಸನ ಕಲಿಸಿದರು. ಆದರೆ ಶಿಬಿರದ ಹತ್ತು ದಿನ ಆಸನ ಬಂದ್, ಅಲ್ಲಿಯ ನಿಯಮ. ಮಂಡಿ ಸಹಿಸದಿದ್ದರೆ ಕುರ್ಚಿ ಕೇಳು, ನಾಚಿಕೆ ಏನು? ಮುಪ್ಪಿನಲ್ಲಿ ಸ್ವತಃ ಬುದ್ಧನೇ ಬೆನ್ನು ನೋಯುತ್ತಿದೆ ಎಂದು ಪ್ರವಚನವನ್ನು ಶಿಷ್ಯರಿಗೆ ಒಪ್ಪಿಸಿ ಮಲಗಿಕೊಂಡದ್ದುಂಟು.

ಇನ್ನೊಂದು ಮಾತು, ಇದು ಮುಖ್ಯ. ಅರ್ಜಿಯಲ್ಲಿ ಮನಸ್ಸಿನ ತೊಂದರೆ, ಔಷಧಿಗಳ ಬಗ್ಗೆ ಕೇಳುತ್ತಾರೆ. ನಿದ್ದೆಗೆ ಮಾತ್ರೆ ತಗೊಳ್ಳುತ್ತಿದ್ದೆಯಲ್ಲ, ಮುಚ್ಚಿಡದೆ ಬರೆ, ಡಾಕ್ಟರನ್ನೂ ಕೇಳು. ಅವರು ಈಗ ಬೇಡ ಎಂದರೆ ಮುಂದಿನ ವರ್ಷ ಹೋಗು, ಬುದ್ಧ ಕಾಯುತ್ತಾನೆ. ಹತ್ತು ದಿನದ ಮೌನ ಎಲ್ಲರಿಗೂ ಎಲ್ಲ ಕಾಲಕ್ಕೂ ಒಗ್ಗುವಂಥದ್ದಲ್ಲ.

ಊಟ, ವಸತಿಗೆ ದುಡ್ಡಿಲ್ಲ. ಹಿಂದೆ ಶಿಬಿರ ಮುಗಿಸಿದವರು ಕೊಟ್ಟ ದಾನದಲ್ಲಿ ನೀನು ಉಣ್ಣುತ್ತೀ, ನೀನು ಕೊಟ್ಟರೆ ಮುಂದೆ ಬರುವವರಿಗೆ. ಇದು ಈ ಸೀಮೆಯ ಹಳೆಯ ಪದ್ಧತಿ. ಲೋಣಾವಳ ಲೋಕಲ್ ಹಿಡಿದು ಮಳವಲಿಯಲ್ಲಿ ಇಳಿದು ಕಾರ್ಲೆಯ ಗುಹೆಗಳಿಗೆ ಹೋದರೆ ಚೈತ್ಯದ ಪಡಸಾಲೆಯಲ್ಲಿ ಸುಮಾರು ಎರಡು ಸಾವಿರ ವರ್ಷದ ಬ್ರಾಹ್ಮೀ ಶಾಸನವಿದೆ. ವೈಜಯಂತಿಯ, ಅಂದರೆ ನಮ್ಮ ಬನವಾಸಿಯ, ಭೂತಪಾಲನೆಂಬ ಸೆಟ್ಟಿ ಈ ಶಿಲೆಯ ಮನೆಯನ್ನು ಮುಗಿಸಿದ, ಜಂಬೂದ್ವೀಪದಲ್ಲೇ ಇದು ಉತ್ತಮ ಎಂದು ಬರೆಸಿದ್ದಾರೆ. ಹೆಮ್ಮೆ ತುಸು ಜಾಸ್ತಿಯೇ ಆಯಿತು, ಆದರೆ ಒಳಗೆ ನಿಂತು ಕಮಾನು ನೋಡಿದರೆ ಸೆಟ್ಟಿಯ ಮೇಲೆ ಸಿಟ್ಟು ಬರುವುದಿಲ್ಲ. ಧ್ಯಾನಕ್ಕೆ ಕೂತವರ ಹಿಂದೆ ಯಾರೋ ಅನ್ನ ಬೇಯಿಸಿರುತ್ತಾರೆ, ಯಾರೋ ಕಲ್ಲು ಕಡಿದಿರುತ್ತಾರೆ.

ಎಲ್ಲ ಸಂಕಟಕ್ಕೂ ಕಣ್ಣು ಮುಚ್ಚಿ ಕೂರುವುದೇ ಮದ್ದು ಎನ್ನುವವರು ಅಲ್ಲೂ ಸಿಗುತ್ತಾರೆ, ಎಲ್ಲೆಲ್ಲೂ ಸಿಗುತ್ತಾರೆ. ಅವರ ಮಾತಿಗೆ ತಲೆದೂಗಬೇಡ. ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಲಿ ಕಲಿಸಿದ ಧರ್ಮಾನಂದ ಕೋಸಂಬಿಯವರು, ಸಿದ್ಧಾರ್ಥ ಮನೆಬಿಟ್ಟದ್ದು ಮುದುಕ, ರೋಗಿ, ಹೆಣ ಕಂಡು ಅಲ್ಲ, ಶಾಕ್ಯರು ಕೋಲಿಯರು ಬಡಿದಾಡುವುದನ್ನು ಕಂಡು ಬೇಸತ್ತು ಎಂದು ವಾದಿಸಿದರು. ಅಂಬೇಡ್ಕರರೂ ಆ ಜಾಡಿನಲ್ಲೇ ನಡೆದರು. 1954ರ ಡಿಸೆಂಬರ್ 25ರಂದು ಇಲ್ಲಿಯ ದೇಹೂ ರೋಡಿನಲ್ಲಿ ಬುದ್ಧನ ಮೂರ್ತಿಯನ್ನು ಸ್ಥಾಪಿಸಿದ ಆ ಮನುಷ್ಯ, ತೀರಿಹೋದ ಮೇಲೆ 1957ರಲ್ಲಿ ಹೊರಬಂದ ತಮ್ಮ ಪುಸ್ತಕದ ಮುನ್ನುಡಿಯಲ್ಲಿ, ನಾಲ್ಕು ಆರ್ಯಸತ್ಯಗಳು ನಿಜಕ್ಕೂ ಬುದ್ಧನವೇ ಎಂದೇ ಪ್ರಶ್ನೆ ಎತ್ತಿದರು. ಬಾಳೆಲ್ಲ ದುಃಖ ಎಂದುಬಿಟ್ಟರೆ ಮನುಷ್ಯನಿಗೆ ಭರವಸೆಯೇ ಉಳಿಯುವುದಿಲ್ಲ ಎಂಬುದು ಅವರ ಅಳಲು. ಆರ್ಯಸತ್ಯಗಳ ವಿಷಯದಲ್ಲಿ ನಾನು ಅವರಷ್ಟು ದೂರ ಹೋಗಲಾರೆ, ಆದರೆ ಮನುಷ್ಯ ಮನುಷ್ಯನಿಗೆ ಕೊಡುವ ದುಃಖವನ್ನು ಕೇಳುವವರು ಯಾರು ಎಂಬ ಅಳಲು ನನ್ನದು. ರಾತ್ರಿ ಹನ್ನೊಂದಕ್ಕೆ ಮೀಟಿಂಗ್ ಇಡುವ ಮ್ಯಾನೇಜರನಿಗೆ ಉಸಿರು ನೋಡುವುದು ಉತ್ತರವಲ್ಲ. ಆಗೋದಿಲ್ಲ ಎಂದು ಹೇಳುವುದು ಉತ್ತರ. ಸಿಟ್ಟಿಲ್ಲದೆ ಹೇಳಲು ಬಂದರೆ ಶಿಬಿರ ದಕ್ಕಿತು ಅನ್ನು.

ಬಂದ ಮೇಲೆ ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಕೂರಿ ಎಂದು ಹೇಳಿ ಕಳಿಸುತ್ತಾರೆ. ಹಿಂಜೆವಾಡಿಯ ಟ್ರಾಫಿಕ್ಕಿನಲ್ಲಿ ಅದು ನಡೆಯುವ ಮಾತಲ್ಲ. ಮೊದಲ ವಾರ ಹುಮ್ಮಸ್ಸಿನಲ್ಲಿ ಮಾಡಿ, ಮೂರನೆಯ ವಾರ ಪೂರ್ತಿ ಬಿಟ್ಟು, ನನ್ನ ಕೈಲಾಗಲಿಲ್ಲ ಎಂದು ಅದಕ್ಕೂ ಒಂದು ಬಾಣ ಹೊಡೆದುಕೊಳ್ಳುವವರನ್ನು ಕಂಡಿದ್ದೇನೆ. ಸೋಣನೆಂಬ ಭಿಕ್ಷು ಪಾದದಲ್ಲಿ ರಕ್ತ ಬರುವವರೆಗೆ ನಡೆದು ನಡೆದು ಧ್ಯಾನ ಮಾಡಿ ಸೋತಾಗ, ಅವನು ಮುಂಚೆ ವೀಣೆ ನುಡಿಸುತ್ತಿದ್ದವನೆಂದು ತಿಳಿದು ಬುದ್ಧ ಕೇಳಿದನಂತೆ, ತಂತಿ ತೀರಾ ಬಿಗಿದರೆ ನುಡಿಯುತ್ತಿತ್ತೇ, ತೀರಾ ಸಡಿಲ ಬಿಟ್ಟರೆ ನುಡಿಯುತ್ತಿತ್ತೇ ಎಂದು. ಬೆಳಗಿನ ಚಹಾಕ್ಕೆ ಮೊದಲು ಅರ್ಧ ತಾಸು ಕೂರು, ಸಾಕು.

ಕೇಂದ್ರದ ನಂಬರನ್ನು ನನಗೂ ವೈನಿಗೂ ಕೊಟ್ಟು ಹೋಗು, ತೀರಾ ಜರೂರು ಇದ್ದರೆ ಮಾತ್ರ ಮಾಡುತ್ತೇವೆ. ಆ ದಿನಗಳಲ್ಲಿ ನಾನು ಹುಬ್ಬಳ್ಳಿಗೆ ಹೋಗಿ ವೈನಿಯ ಜೊತೆ ಇರುತ್ತೇನೆ. ಅವರ ಬಿಪಿ ಮಾತ್ರೆಯ ಚೀಟಿ, ಅಪ್ಪನ ಪೆನ್ಶನ್ನಿನ ಕಾಗದ ಎಲ್ಲಿಟ್ಟಿದ್ದೀ ಎಂದು ವಾಟ್ಸಾಪಿನಲ್ಲಿ ಬರೆದು ಹಾಕು. ಹೊರಗೆ ಬಂದ ದಿನ ನನಗೆ ಅನುಭವ ಹೇಳುವ ಅವಸರ ಬೇಡ, ಮೊದಲ ಫೋನು ಅವರಿಗೆ.